ಡಬ್ಬ್ಯಾಗಿನ ಉಂಡಿ

ನಿಂಬರ್ಗಾದ ದೊಡ್ಡಪ್ಪಗ ಹೆಸರಿಟ್ಟವರದೇ ತಪ್ಪು ಅಂತ ಊರವರು ಅಂತಾರ. ದೊಡ್ಡಪ್ಪ ಅಂತ ಕರದು ಕರದು, ಅವಗ ಸಣ್ಣದು ಅಂಬೋದೇ ಸೇರದಂಗ ಆಗ್ಯಾದ. ಚಹಾ ಕುಡದ್ರ ದೊಡ್ಡ ಗ್ಲಾಸು, ಮೀಸಿ ಬಿಟ್ರ ದೊಡ್ಡ ಮೀಸಿ, ಮಾತಾಡಿದ್ರ ಊರ ಅಗಸಿ ಬಾಗಿಲ ತನಕ ಕೇಳಬೇಕು. (ಹೆಂಡ್ತಿ ಸುಭದ್ರಾಬಾಯಿ ಮುಂದ ಆಡೋ ಮಾತು ಮಾತ್ರ ಅವನ ಕಿವಿಗೂ ಕೇಳಾಂಗಿಲ್ಲ.)

ಈ ಸಲ ಜೋಳದ ರಾಶಿ ಮುಗದ ಮ್ಯಾಲ ಅವನ ತಲ್ಯಾಗ ಒಂದು ದೊಡ್ಡ ವಿಚಾರ ಹೊಕ್ಕಿತು. ಹೊಲದಾಗಿನ ಕಣಕಿ, ಅಂದ್ರ ಜೋಳದ ಒಣ ದಂಟು, ಕೈಲೆ ಕಟ್ಟಿ, ತಲಿ ಮ್ಯಾಲ ಹೊತ್ತು, ಬಣವಿ ಒಟ್ಟೋದು ಹಿಂದಿನವರ ಕೆಲಸ. ಟ್ರ್ಯಾಕ್ಟರಿಗೆ ಬೇಲರ್ ಹಚ್ಚಿದ್ರ ಮುಗೀತು. ಅದೇ ಕಣಕಿ ನುಂಗತದ, ಅದೇ ಒತ್ತತದ, ಅದೇ ಗಂಟು ಹಾಕಿ ಪೆಟಗಿಯಂಥ ಪೆಂಡಿ, ಅಂದ್ರ ಬೇಲ್, ಮಾಡಿ ಹಿಂದ ಒಗಿತದ. ಖಜೂರಿಯ ಪರಮೇಶನ ಹಂತ್ಯಾಕ ಅಂಥದ್ದೊಂದು ಹಳೇ ಬೇಲರ್ ಇತ್ತು. ದೊಡ್ಡಪ್ಪ ಅದನ್ನ ಎಳಕೊಂಡು ಬಂದು ಅಂಗಳದಾಗ ನಿಲ್ಲಿಸಿ, "ಇನ್ನ ನೋಡು. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕಿನಾಗ ನನ್ನ ಹೆಸರು ಹೇಳದೆ ಯಾರೂ ಪೆಂಡಿ ಕಟ್ಟಬಾರದು. ಹಂಗ ಮಾಡ್ತೇನಿ!" ಅಂದ.

ಸುಭದ್ರಾಬಾಯಿ ಯಂತ್ರದ ಸುತ್ತ ಒಂದು ಪ್ರದಕ್ಷಿಣಿ ಹಾಕಿದ್ಲು. ಭಕ್ತಿಲೆ ಅಲ್ಲ, ಸಂಶಯದಲೆ.

"ಮುಗಲು ನೋಡ್ರಿ, ಮೋಡ ಆಗ್ಯಾದ. ಕಣಕಿ ತೊಯ್ದ್ರ ಎಮ್ಮಿ ಮೂಸಿನೂ ನೋಡಾಂಗಿಲ್ಲ. ನಾಳೆ ಹೊತ್ತು ಮುಣಗೂದ್ರೊಳಗ ಕಣಕಿ ಕೊಟಗಿ ಸೇರ್ಲಿಲ್ಲಂದ್ರ ಈ ಗಾಡಿ ಖಜೂರಿಗೆ ವಾಪಸ್. ನೆಲೋಗಿಂದ ನನ್ನ ತಮ್ಮ ಅರುಣಕುಮಾರ ಬಂದು ಕೈಲೆ ಕಟ್ಟಿಸ್ತಾನ."

ಹೆಂಡ್ತಿ ತಮ್ಮನ ಉಪಕಾರ! ಅದಕ್ಕಿಂತ ಎಮ್ಮಿ ಜೋಡಿ ತಾನೂ ಉಪವಾಸ ಇದ್ದರ ವಾಸಿ ಅನಿಸ್ತು ದೊಡ್ಡಪ್ಪಗ. ಪರಮೇಶ ಯಂತ್ರದ ಜೋಡಿ ಕೊಟ್ಟಿದ್ದ ತಗಡಿನ ಡಬ್ಬಿಯನ್ನ ತಗದೂ ನೋಡದೆ "ಒಳಗಿಡು" ಅಂತ ಹೆಂಡ್ತಿ ಕೈಗೆ ಕೊಟ್ಟು, ಬೇಲರ್ ಛಾವಣಿ ಕೆಳಗ ದೂಡಾಕ ನಿಂತ. ದೂಡೋ ಭರಾಟ್ಯಾಗ ಅವನ ಉಡದಾರ ಪಟ್ಟನ ಹರೀತು. ಗಂಡಸು ಉಡದಾರ ಇಲ್ಲದೆ ಒಂದು ಗಳಿಗಿನೂ ಇರಬಾರದು ಅಂತ ಹಿರ್ಯಾರು ಹೇಳ್ಯಾರಲ್ಲ, ಅವ ಫೋನಿನ್ಯಾಗ ಯಾರ ಮುಂದೋ ಬಡಾಯಿ ಕೊಚ್ಚಾಕತ್ತಿದ್ದಾಗ ಸುಭದ್ರಾಬಾಯಿ ಅಂಗಿ ಎತ್ತಿ ಹೊಸಾದೊಂದು ಬಿಗದುಬಿಟ್ಲು.

"ಇದೇನು, ಇಷ್ಟು ಕಡಿತದಲ್ಲ?"

"ಎರಡ ದಿನ ಕಡಿತದ, ಆಮ್ಯಾಲ ರೂಢಿ ಆಗ್ತದ. ನಾ ನಿಮಗ ರೂಢಿ ಆಗಿಲ್ಲೇನು?"

ದೊಡ್ಡಪ್ಪ ಅಂಗಿ ಕೆಳಗ ಎಳಕೊಂಡು ಮತ್ತ ಫೋನ್ ಕಿವಿಗೆ ಹಚ್ಚಿದ.

ಯಂತ್ರ ಏನೋ ಬಂತು, ಪೆಂಡಿ ಕಟ್ಟಾಕ ಹುರಿನೇ ಇಲ್ಲ. ದೊಡ್ಡಪ್ಪ ಮೊಬೈಲಿನ್ಯಾಗ ನೋಡಿ ಅದರ ಭಾರಿ ಹೆಸರು ಕಲ್ತುಕೊಂಡ. "ಟ್ವೈನ್ ತರಾಕ ಆಳಂದಕ್ಕ ಹೋಗಿ ಬರ್ತೇನಿ," ಅಂದ.

"ಟ್ರೇನಾ? ಕಣಕಿ ಹೇರಾಕ ಟ್ರೇನ್ ಯಾಕರಿ, ನಮ್ಮದು ಟ್ರ್ಯಾಕ್ಟರ್ ಇಲ್ಲೇನು?"

"ಟ್ರೇನಲ್ಲ, ಟ್ವೈನ್! ಮಷೀನಿನ ಬಾಬ್ತು. ನಿನಗ ತಿಳ್ಯಾಂಗಿಲ್ಲ, ಬಿಡು."

ತಿಳ್ಯಾಂಗಿಲ್ಲ ಅಂದ್ಮ್ಯಾಲ ಆಕಿ ಬಿಟ್ಟೇಬಿಟ್ಲು. ಅಲ್ಲೇ ನೋಡ್ರಿ ದೊಡ್ಡಪ್ಪ ಕೆಟ್ಟದ್ದು.

ಆಳಂದದಾಗ ಹಗ್ಗ, ಹುರಿ, ಸುತಳಿ ಅಂದ್ರ ಖಮರನ ದುಕಾನ. ಖಮರ ಕೇಳಿದ, "ಕಾಕಾ, ನಾರಿಂದು ಬೇಕೋ, ಪ್ಲಾಸ್ಟಿಕ್‌ದು ಬೇಕೋ?"

"ಚಲೋದು ಯಾವದು?"

"ನಾರಿಂದು ಎಮ್ಮಿ ತಿಂದ್ರೂ ಫಿಕರ್ ಇಲ್ಲ, ಖರೆ ಇಲಿ ಕಡಿತಾವ. ಪ್ಲಾಸ್ಟಿಕ್ ಇಲಿ ಮುಟ್ಟಾಂಗಿಲ್ಲ, ಖರೆ ಎಮ್ಮಿ ನುಂಗಿದ್ರ ಮುಶ್ಕಿಲ್."

ಮನ್ಯಾಗ ಇಲಿನೂ ಅದಾವ, ಎಮ್ಮಿನೂ ಅದಾವ. ಯಾರ ಪಕ್ಷ ಹಿಡೀಬೇಕೋ ದೊಡ್ಡಪ್ಪಗ ತಿಳೀಲಿಲ್ಲ. ಕಡೀಗೆ ಎಮ್ಮಿಗೆ ಹಾಕೋ ಮುಂದ ಹುರಿ ಬಿಚ್ಚಿ ತಗದಿಟ್ಟರಾತು ಅಂತ ಪ್ಲಾಸ್ಟಿಕ್‌ಗೆ ಹೂಂ ಅಂದ. ಅಷ್ಟರಾಗ ಖಮರ ಇನ್ನೊಂದು ಪ್ರಶ್ನಿ ಒಗದ, "ನಂಬರ್ ಎಷ್ಟು?"

ನಂಬರ್ ಇರ್ತದ ಅಂತ ಯಾರಿಗೆ ಗೊತ್ತಿತ್ತು? ಗೊತ್ತಿಲ್ಲ ಅನ್ನಾಕ ಮೀಸಿ ಅಡ್ಡ ಬಂತು. "ಎಲ್ಲಕ್ಕಿಂತ ದೊಡ್ಡ ನಂಬರ್ ಕೊಡು!"

"ಕಾಕಾ, ದೊಡ್ಡ ನಂಬರ್ ಅಂದ್ರ..."

"ಅಂದ್ರ ದೊಡ್ಡದು! ನನಗೇನು ಕಲಸ್ತೀಯೋ? ಕೊಡು ಜಲ್ದಿ."

ತಂದು ಯಂತ್ರಕ್ಕ ಪೋಣಿಸಿದ. ಬೇಲರ್ ಗಡಗಡ ಕಣಕಿ ನುಂಗಿತು, ಒತ್ತಿತು, ಕಟ್ಟಿತು, ಹಿಂದ ಒಗೀತು. ಪೆಂಡಿ ನೆಲಕ್ಕ ಬಿದ್ದಿದ್ದೇ ತಡ ಹುರಿ ಟಪ್ ಅಂತ ಹರದು, ಕಣಕಿ ಮತ್ತ ಮೊದಲಿನಂಗ ಹೊಲದ ತುಂಬ ಹರವಿಕೊಂಡು ಮಲಗಿತು. ಹೊತ್ತು ಮುಣಗೋ ತನಕ ದೊಡ್ಡಪ್ಪ ಮಾಡಿದ್ದಿಷ್ಟು, ಪಡುವಣ ಕಡೆಯ ಕಣಕಿಯನ್ನ ಮೂಡಣ ಕಡಿಗೆ ಸಾಗಿಸಿದ.

ಮರುದಿನ ಬೆಳಕಾಗೂದ್ರೊಳಗ ಮತ್ತ ಖಮರನ ಮುಂದ ಹಾಜರ್.

"ನಿನ್ನೇನೇ ಹೇಳಾಕತ್ತಿದ್ದೆ, ನೀವ ಕೇಳ್ಲಿಲ್ಲ," ಅಂದ ಖಮರ. "ಒಂದು ಕಿಲೋ ಹುರಿ ಎಷ್ಟು ಮೀಟರ್ ಉದ್ದ ಬರ್ತದೋ ಅದ ನಂಬರ್. ನಂಬರ್ ಏರಿದಂಗ ಹುರಿ ತೆಳ್ಳಗ ಆಗ್ತದ ಕಾಕಾ."

ದೊಡ್ಡಪ್ಪನ ತಲಿ ಗಿರ್ ಅಂತು. ದೊಡ್ಡದು ಅಂದ್ರ ಸಣ್ಣದಂತ, ಸಣ್ಣದು ಅಂದ್ರ ದೊಡ್ಡದಂತ! ಇದೆಂಥಾ ಕಲಿಗಾಲ! "ಹಂಗಾದ್ರ ಎಲ್ಲಕ್ಕಿಂತ ಸಣ್ಣ ನಂಬರ್ ಕೊಡು."

"ಅದೂ ಬ್ಯಾಡ್ರಿ. ಹಳೇ ಹುರಿಯ ತುಂಡು ಒಂದ ತರ್ರಿ, ಸ್ಯಾಂಪಲ್ ನೋಡಿ ಬರೋಬ್ಬರಿ ಕೊಡ್ತೀನಿ."

"ಸ್ಯಾಂಪಲ್ ಎಲ್ಲಿಂದ ತರ್ಲಿ? ನನ್ನ ಹಂತ್ಯಾಕ ತುಂಡು ದಾರ ಸುದ್ದಾ ಇಲ್ಲ!" ಅಂತ ದೊಡ್ಡಪ್ಪ ಪರಪರ ನಡ ಕೆರಕೊಂಡ.

"ಪೌಡರ್ ಕೊಡ್ಲೇನ್ರಿ ಕಾಕಾ? ಬ್ಯಾಸಗಿ ಬೆವರ ಇರಬೇಕು."

"ಹುರಿ ಕೊಡೋ, ಸಾಕು!"

ಈ ಸಲದ ಹುರಿ ಎಮ್ಮಿ ಕಟ್ಟೋ ಹಗ್ಗದ ತಮ್ಮನಂಗಿತ್ತು. ಯಂತ್ರದ ಗಂಟು ಹಾಕೋ ಕೊಕ್ಕಿಯೊಳಗ ಹೋಗಿ ಸಿಕ್ಕೊಂಡು ಕುಂತಿತು, ಎಳದ್ರ ಬರವಲ್ದು, ದೂಡಿದ್ರ ಹೋಗವಲ್ದು. ದೊಡ್ಡಪ್ಪ ಖಜೂರಿಗೆ ಫೋನ್ ಹಚ್ಚಿದ. ಖಜೂರಿ ಗಡಿ ಊರು, ಪರಮೇಶನ ಫೋನು ಅರ್ಧ ಕರ್ನಾಟಕದಾಗ, ಅರ್ಧ ಮಹಾರಾಷ್ಟ್ರದಾಗ ಇರ್ತದ. ಮಾತೂ ಅರ್ಧನೇ ಬಂತು. "ಡಬ್ಬ್ಯಾಗ ಒಂದು ಉಂಡಿ ಇಟ್ಟೀನಲ್ರೀ! ಆ ಉಂಡಿ ತಗದು..." ಕಟ್.

ದೊಡ್ಡಪ್ಪ ಮನಿಗೆ ಓಡಿ ಬಂದ. "ಡಬ್ಬ್ಯಾಗಿನ ಉಂಡಿ ಎಲ್ಲದ ಬೇ?"

"ಶೇಂಗಾ ಉಂಡ್ಯಾ? ನಿನ್ನೆ ಚಹಾದ ಜೋಡಿ ನೀವ ತಿಂದ್ರಲ್ಲ!"

"ಅದರಾಗ ಏನೇನಿತ್ತು?"

"ಶೇಂಗಾ, ಬೆಲ್ಲ, ಯಾಲಕ್ಕಿ. ಮತ್ತೇನಿರಬೇಕಿತ್ತು, ಬಂಗಾರಾ?"

ಶೇಂಗಾ ಉಂಡಿಗೂ ಬೇಲರಿಗೂ ಏನು ಸಂಬಂಧ? ವಿಚಾರ ಮಾಡಿ ಮಾಡಿ ಅವಗ ಹೊಳೀತು, ಯಂತ್ರಕ್ಕ ನೈವೇದ್ಯ ತೋರಸಬೇಕಿತ್ತು, ನೈವೇದ್ಯ ತಾನೇ ನುಂಗ್ಯಾನ! ಹೆಂಡ್ತಿ ಕಡೆಯಿಂದ ಇನ್ನೊಂದು ಉಂಡಿ ಇಸ್ಕೊಂಡು ಹೊಲಕ್ಕ ಹೋಗಿ, ಬೇಲರ್ ಮುಂದಿಟ್ಟು ಕೈ ಮುಗದ. ಬೇಲರ್ ಒಪ್ಪಲಿಲ್ಲ. ಕಾಗಿ ಒಪ್ಪಿ ಒಯ್ತು.

ಅದೇ ಹೊತ್ತಿಗೆ ನೆಲೋಗಿಂದ ಅರುಣಕುಮಾರ ಅಕ್ಕಗ ಫೋನ್ ಮಾಡಿದ. "ಮಾಮಾ ಎಲ್ಲಿ?"

"ಏನ್ ಹೇಳ್ಲೋ ತಮ್ಮಾ, ನಿನ್ನಿಯಿಂದ ಬೇಲ್ ಆಗವಲ್ದಂತ. ಏನೋ ಒಳಗ ಸಿಕ್ಕೊಂಡದಂತ. ಬಿಡಸಾಕ ಹೆಣಗ್ಯಾಡಾಕತ್ತಾರ."

ಅರುಣಕುಮಾರ ಫೋನ್ ಇಟ್ಟಿದ್ದೇ, ಜೇವರ್ಗಿಗೆ ಹೋಗಿ ವಕೀಲ ಸುನೀಲಕುಮಾರಗ ಕರಿ ಕೋಟು ಹಾಕಿಸಿ, ಜೀಪಿನ್ಯಾಗ ಕುಂದ್ರಿಸಿಕೊಂಡು ನಿಂಬರ್ಗಾಕ್ಕ ಬಂದ. ದಾರ್ಯಾಗ ಕೇಳಿದವರಿಗೆಲ್ಲಾ ಹೇಳಿಕೋತನೇ ಬಂದ. ದೊಡ್ಡಪ್ಪ ಹೊಲದಿಂದ ಮಾರಿ ಬಾಡಿಸಿಕೊಂಡು ಬರೂದ್ರೊಳಗ ಅಂಗಳದಾಗ ಅರ್ಧ ಊರು.

"ಅಂಜಬ್ಯಾಡ್ರಿ," ಅಂದ ವಕೀಲ. "ಕೇಸ್ ಏನು ಅನ್ನೋದು ಹೇಳ್ರಿ. ಬೇಲ್ ನನ್ನ ಜವಾಬ್ದಾರಿ."

ದೊಡ್ಡಪ್ಪಗ ಜೀವ ಬಂದಂಗಾತು. "ನಿಮಗ ಬೇಲ್ ಮಾಡಾಕ ಬರ್ತದ?"

"ಇಪ್ಪತ್ತು ವರ್ಷದಿಂದ ಅದನ್ನೇ ಮಾಡಾಕತ್ತೇನಿ."

"ಹಂಗಾದ್ರ ಹೇಳ್ರಿ, ಯಾವ ನಂಬರ್ ಹಾಕಬೇಕು?"

"ಕ್ರೈಮ್ ನಂಬರ್ ಪೋಲೀಸರು ಹಾಕ್ತಾರ. ಮೊದ್ಲು ಒಳಗ ಯಾರು ಸಿಕ್ಕೊಂಡಾರ?"

"ಯಾರು ಸಿಕ್ಕೊಳ್ತಾರ್ರಿ, ಟ್ವೈನ್ ಸಿಕ್ಕೊಂಡದ!"

"ಟ್ವೈನ್ ಅಂದ್ರ ಯಾರು ಮಾಮಾ, ಮಹಾರಾಷ್ಟ್ರದವನೇನು?" ಅಂದ ಅರುಣಕುಮಾರ.

ದೊಡ್ಡಪ್ಪನ ತಾಳ್ಮಿ ಹರೀತು. "ಟ್ವೈನ್ ಅಂದ್ರ ಹುರಿಯೋ! ಪೆಂಡಿ ಕಟ್ಟೋ ಹುರಿ! ಬರೋಬ್ಬರಿ ಹುರಿ ಸಿಗವಲ್ದು!"

ಸುಭದ್ರಾಬಾಯಿ ಸೆರಗು ಸೊಂಟಕ್ಕ ಸಿಗಿಸಿ ಮುಂದ ಬಂದ್ಲು. "ಏನಂದ್ರಿ? ಹುರಿ? ಎರಡ ದಿನದಿಂದ ಹುರಿ ಹುಡುಕಾಕತ್ತೀರಿ? ಬಾಯಿಬಿಟ್ಟು ಹುರಿ ಅನ್ನಾಕ ಏನಾಗಿತ್ತು? ಪರಮೇಶಣ್ಣ ಕೊಟ್ಟ ಡಬ್ಬ್ಯಾಗ ಒಂದು ನೀಲಿ ಹುರಿ ಉಂಡಿ ಇತ್ತಲ್ಲ!"

"ಹುರಿ ಉಂಡಿ!" ದೊಡ್ಡಪ್ಪಗ ಆಗ ತಿಳೀತು, ಅದು ಶೇಂಗಾದಲ್ಲ. "ಸ್ಯಾಂಪಲ್ ಅದು! ಎಲ್ಲಿಟ್ಟೀದಿ?"

"ತೊಗರಿ ಚೀಲದ ಬಾಯಿ ಕಟ್ಟಿದೆ. ಚೀಲ ನಿನ್ನೆನೇ ಆಳಂದ ಬಾಜಾರಕ್ಕ ಹೋದವು."

"ಒಂದು ತುಂಡೂ ಉಳದಿಲ್ಲೇನು?"

ಸುಭದ್ರಾಬಾಯಿ ಗಂಡನ ನಡದ ಕಡೆ ನೋಡಿದ್ಲು. ಅರುಣಕುಮಾರ ನೋಡಿದ, ವಕೀಲ ನೋಡಿದ, ಅರ್ಧ ಊರೂ ನೋಡಿತು. ನಡ ಕೆರಕೊಳ್ಳಾಕತ್ತಿದ್ದ ದೊಡ್ಡಪ್ಪನ ಕೈ ಅಲ್ಲೇ ನಿಂತಿತು. ಬಗಲಾಗ ಕೂಸು ಇಟ್ಟಕೊಂಡು ಊರೆಲ್ಲಾ ಹುಡುಕಿದಂಗ, ಸ್ಯಾಂಪಲ್ ನಡಕ್ಕ ಕಟ್ಟಿಕೊಂಡು ಎರಡು ಸಲ ಆಳಂದಕ್ಕ ಹೋಗಿ ಬಂದಿದ್ದ!

"ಬಿಚ್ಚಿ ಕೊಡು ಮಾಮಾ, ನಾ ಒಯ್ತೇನಿ," ಅಂದ ಅರುಣಕುಮಾರ.

"ಬಿಚ್ಚಿಗಿಚ್ಚೀರಿ!" ಅಂತ ಒದರಿದ್ಲು ಸುಭದ್ರಾಬಾಯಿ. "ಗಂಡನ ಉಡದಾರ ಬಿಚ್ಚೋದು ಹೆಂಡ್ತಿ ಸತ್ತಾಗ, ನಾ ಇನ್ನೂ ಗಟ್ಟಿ ಅದೀನಿ! ಮನಿಷ್ಯಾನ್ನ ಒಯ್ಯಿರಿ!"

ಮನಿಷ್ಯಾನ್ನೇ ಒಯ್ದರು. ಜೀಪಿನ್ಯಾಗ ಒಂದು ಕಡೆ ಅರುಣಕುಮಾರ, ಇನ್ನೊಂದು ಕಡೆ ವಕೀಲ, ನಡುವ ಸ್ಯಾಂಪಲ್. ದುಕಾನದಾಗ ಖಮರ ಇರಲಿಲ್ಲ, ನಮಾಜಿಗೆ ಹೋಗಿದ್ದ. ಗಲ್ಲಾ ಮ್ಯಾಲ ಅವನ ತಾಯಿ ಹಮೀದಾಬೇಗಂ ಚಷ್ಮಾ ಹಾಕ್ಕೊಂಡು ಕುಂತಿದ್ಲು.

"ಸ್ಯಾಂಪಲ್ ತೋರಸ್ರಿ," ಅಂದ್ಲು.

ದೊಡ್ಡಪ್ಪ ನೆಲ ನೋಡಿದ. ವಕೀಲನೇ ಗಂಟಲು ಸರಿ ಮಾಡ್ಕೊಂಡು, "ಸದರಿ ಸ್ಯಾಂಪಲ್ ನಮ್ಮ ಕಕ್ಷಿದಾರರ ಸ್ವಾಧೀನದಾಗ ಅದ ಅಮ್ಮಾ. ಸ್ಥಳ ಪರಿಶೀಲನಾ ಆಗಬೇಕು," ಅಂದ.

ಅಂಗಿ ಚೂರು ಎತ್ತಿದಾಗ ಮುದುಕಿ "ತೋಬಾ ತೋಬಾ" ಅಂತ ಮಾರಿ ಆ ಕಡೆ ತಿರುಗಿಸಿದ್ಲು. ಖರೆ ವ್ಯಾಪಾರ ವ್ಯಾಪಾರನೇ ಅಲ್ರೀ? ಕೈ ಮಾತ್ರ ಈ ಕಡೆ ಚಾಚಿ, ಜೋತುಬಿದ್ದ ಹುರಿಯ ತುದಿ ಎರಡು ಬೆರಳಿನ್ಯಾಗ ತಿಕ್ಕಿ ನೋಡಿ, ಕತ್ತರಿಲೆ ಚೋಟುದ್ದ ಕತ್ತರಿಸಿಕೊಂಡ್ಲು. ಗಂಟು ಉಳೀತು, ದೊಡ್ಡಪ್ಪನ ಮಾನ ಅಷ್ಟು ಉಳೀಲಿಲ್ಲ. ಮುದುಕಿ ತಗದುಕೊಟ್ಟ ಹುರಿ ದೊಡ್ಡ ನಂಬರಿಂದೂ ಅಲ್ಲ, ಸಣ್ಣ ನಂಬರಿಂದೂ ಅಲ್ಲ, ನಡುವಿಂದು. ನಡದಾಗ ಇತ್ತಲ್ಲ, ಹಂಗಾಗಿ.

ಹೊಲಕ್ಕ ಬಂದು, ಕೊಕ್ಕಿಯೊಳಗ ಸಿಕ್ಕಿದ್ದ ದಪ್ಪ ಹುರಿ ಕೊಯ್ದು ತಗದು, ಹೊಸಾದು ಪೋಣಿಸಿದ್ರ, ಯಂತ್ರ ಗಂಟು ಹಾಕಿದ್ದೇ ಹಾಕಿದ್ದು. ಅಂಗಳದಾಗ ಕೂಡಿದ್ದ ಅರ್ಧ ಊರು ಪೆಂಡಿ ಹೊತ್ತಿತು. ಕರಿ ಕೋಟು ಬಿಚ್ಚಿ ವಕೀಲನೂ ಹೊತ್ತ. ಕಡೀ ಪೆಂಡಿ ಕೊಟಗಿ ಸೇರಿತು, ಮಳಿ ದಬದಬ ಹೊಡೀತು. ಸುಭದ್ರಾಬಾಯಿ ಬೇಲರಿಗೆ ಕುಂಕುಮ ಹಚ್ಚಿದ್ಲು. ಖಜೂರಿ ಸುದ್ದಿ ಮತ್ತ ಎತ್ತಲಿಲ್ಲ.

ಕಥಿ ಇಲ್ಲಿಗೆ ಮುಗೀಬೇಕಿತ್ತು. ಆದ್ರ ಹಮೀದಾಬೇಗಂ ಆ ಚೋಟುದ್ದ ತುಂಡನ್ನ ದುಕಾನದ ಮೊಳಿಗೆ ತೂಗಹಾಕಿಬಿಟ್ಟಾಳ. ಹಳೇ ಬೇಲರ್ ಇದ್ದವರು ಬಂದು ನಂಬರ್ ತಿಳೀದೆ ಕಣ್ಣು ಕಣ್ಣು ಬಿಟ್ರ ಅದನ್ನ ತೋರಸ್ತಾಳ. ಮೊನ್ನೆ ದೊಡ್ಡಪ್ಪ ಅಲ್ಲೇ ನಿಂತಿದ್ದಾಗ ಜೇವರ್ಗಿ ಕಡೆಯ ಒಬ್ಬ ರೈತ ಬಂದ.

"ಅಮ್ಮಾ, ದೊಡ್ಡಪ್ಪನ ಉಡದಾರ ಎರಡು ಉಂಡಿ ಕೊಡ್ರಿ. ಅಫಜಲಪುರದಾಗೂ ಎಲ್ಲಾರೂ ಅದನ್ನೇ ಹೇಳಾಕತ್ತಾರ," ಅಂದ. ಆಮ್ಯಾಲ ಬಾಜೂಕ ನಿಂತ ದೊಡ್ಡಪ್ಪನ ಕಡೆ ತಿರುಗಿ, "ಯಜಮಾನ್ರ, ನೀವೂ ಅದೇ ಹಾಕ್ತೀರೇನ್ರಿ? ಹ್ಯಾಂಗದ?" ಅಂತ ಕೇಳಿದ.

ಮೂರು ತಾಲೂಕಿನಾಗ ಹೆಸರು ಮಾಡಿದ ದೊಡ್ಡಪ್ಪ ನಡ ಒಮ್ಮೆ ಕೆರಕೊಂಡು, ಹೆಂಡ್ತಿ ಇಲ್ಲದ ಕಡೆ ಮೊದಲ ಸಲ ಸಣ್ಣ ದನಿಲೆ ಹೇಳಿದ:

"ಎರಡ ದಿನ ಕಡಿತದ. ಆಮ್ಯಾಲ ರೂಢಿ ಆಗ್ತದ."