ನಮ್ಮ ನಾಯಿಗೊಂದು ಹೆಸರು

ಕೆಲವರಿಗೆ ಹಲ್ಲುನೋವು ಬಿಡುವುದಿಲ್ಲ, ಕೆಲವರಿಗೆ ನೆಂಟರು ಬಿಡುವುದಿಲ್ಲ. ನನಗೆ ಅಂಟಿಕೊಂಡದ್ದು ಹೆಸರಿನ ಪಜೀತಿ. ನಾರಾಯಣಪೇಟೆಯಿಂದ ಮಕ್ತಲ್ ಮೇಲೆ ಗದ್ವಾಲಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ನಾನು. ದಿನವೆಲ್ಲ ಊರುಗಳ ಹೆಸರು ಕೂಗಿ ಗಂಟಲು ಹರಿದುಕೊಳ್ಳುವವನಿಗೆ ಗೇಣುದ್ದದ ಒಂದು ನಾಯಿಗೆ ಹೆಸರಿಡಲು ಆಗಲಿಲ್ಲ ಎಂದರೆ ಯಾರು ನಂಬುತ್ತಾರೆ?

ಹೊಸ ರಾಜ್ಯ

ತೆಲಂಗಾಣ ಬೇರೆ ರಾಜ್ಯವಾದ ದಿನ ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಪಟಾಕಿ ಹೊಡೆದರು. ಹೆದರಿದ ಮರಿಯೊಂದು ನಮ್ಮ ಮನೆ ಹೊಕ್ಕು ಜೋಳದ ಚೀಲದ ಹಿಂದೆ ಕೂತಿತು. ಮೂರನೆಯ ದಿನಕ್ಕೆ ಬಾಗಿಲ ಚಿಲಕ ಎತ್ತುವುದನ್ನು ಕಲಿಯಿತು. ವಾರ ಕಳೆಯುವುದರೊಳಗೆ ನನ್ನ ಬಸ್ಸಿನ ಹಾರ್ನು ಗುರುತು ಹಿಡಿಯಿತು. ಬೇರೆ ಬಸ್ಸು ಬಂದರೆ ಕಣ್ಣೂ ತೆರೆಯುತ್ತಿರಲಿಲ್ಲ. ಇಂಥ ಶಾಣ್ಯಾ ನಾಯಿಗೆ ಒಂದು ಹೆಸರು ಬೇಡವೇ?

ಪಕ್ಕದ ಮನೆಯಲ್ಲಿ ಕಚೇರಿಯಿಂದ ರಿಟೈರಾದ ಗುಮಾಸ್ತರಿದ್ದರು. ಅವರು ಕನ್ನಡಕ ಒರೆಸಿಕೊಂಡು, "ಹೊಸ ರಾಜ್ಯದ ಹೆಸರೇ ಇಟ್ಟುಬಿಡ್ರಿ. ಇಂಥಾ ಮುಹೂರ್ತ ಮತ್ತ ಸಿಗಂಗಿಲ್ಲ" ಎಂದರು.

"ಸಾಹೇಬ್ರ, ನಾಳೆ ಇದು ಯಾರದರ ಚಪ್ಪಲಿ ಕಚ್ಚಿಕೊಂಡು ಬರತೈತಿ. ನಾನು ಬೀದ್ಯಾಗ ನಿಂತು ಆ ಹೆಸರು ಹಿಡಿದು ಬೈದ್ರ, ಮಂದಿ ನನ್ನ ಜೀವಂತ ಬಿಡ್ತಾರೇನ್ರಿ?"

ಅವರು ಕನ್ನಡಕ ಮತ್ತೆ ಏರಿಸಿಕೊಂಡರು.

"ಹಂಗಾದ್ರ ಹಳೇ ರಾಜ್ಯದ ಹೆಸರು ಇಡ್ರಿ. ಎಷ್ಟಾರ ಬೈರಿ, ಇವತ್ತ ಯಾರೂ ಕೇಳಂಗಿಲ್ಲ."

ಹಿರಿಯರು

ನಮ್ಮಲ್ಲಿ ಸೊಸೆಯಾದವಳು ಗಂಡನ ಮನೆಯ ಹಿರಿಯರ ಹೆಸರು ಬಾಯಲ್ಲಿ ತರಬಾರದು. ಈ ಪದ್ಧತಿ ನಾಯಿಗೂ ಅಡ್ಡ ಬರುತ್ತದೆಂದು ನನಗೇನು ಗೊತ್ತು?

"ರಾಜಾ ಅಂತ ಇಡೋಣು" ಎಂದೆ. ಹೆಂಡತಿ ಸೆರಗು ಬಾಯಿಗೆ ಹಿಡಿದಳು. ನಮ್ಮಪ್ಪ ರಾಜಪ್ಪ. "ಕರಿಯಾ?" ಎಂದೆ. ನಮ್ಮಜ್ಜ ಕರಿಯಪ್ಪ. "ಮೋತಿ?" ಅಂದಾಗ ಒಳಗಿಂದ ನಮ್ಮವ್ವ, "ಮೋತೆಪ್ಪ ಕಾಕಾ ಇನ್ನಾ ಬದುಕ್ಯಾನಪಾ, ಕೇಳಿಸಿಕೊಂಡಾನು" ಎಂದಳು. ನಮ್ಮ ವಂಶದಲ್ಲಿ ಗಂಡಸರು ಇಷ್ಟೊಂದು ಜನ ಹುಟ್ಟಬಾರದಿತ್ತು ಎಂದು ಅವತ್ತು ಅನ್ನಿಸಿತು.

ಕೊನೆಗೆ, "ಟಾಮಿ. ಈ ಹೆಸರಿನ ಹಿರಿಯರು ನಮ್ಮ ಮನ್ಯಾಗ ಯಾರೂ ಇಲ್ಲ" ಎಂದೆ. ಹೆಂಡತಿ ಒಪ್ಪಿ, ರೊಟ್ಟಿ ಚೂರು ಹಿಡಿದು ಬಾಗಿಲಲ್ಲಿ ನಿಂತು ಕೂಗಿದಳು. ಓಣಿಯ ಮೂರು ಟಾಮಿಗಳೂ ಓಡಿ ಬಂದವು. ನಮ್ಮದು ಕಟ್ಟೆಯ ಮೇಲೆ ಕೂತು ನೋಡುತ್ತಿತ್ತು.

ಆಕೆ ನನ್ನ ಹೆಸರನ್ನೂ ಹೇಳುವುದಿಲ್ಲ, ಅದು ಬೇರೆ ಮಾತು. ಊಟದ ಹೊತ್ತಿಗೆ ಅಡುಗೆಮನೆ ಬಾಗಿಲಿಗೆ ಬಂದು "ಏನ್ರೀ, ಬರ್ರೀ, ರೊಟ್ಟಿ ಆರತಾವು" ಎಂದು ರಾಗವಾಗಿ ಕರೆಯುತ್ತಾಳೆ. ನಾನು ಕೈ ತೊಳೆದು ಬರುವಷ್ಟರಲ್ಲಿ ನಾಯಿ ನನ್ನ ಜಾಗದ ಪಕ್ಕದಲ್ಲಿ ಕೂತಿರುತ್ತಿತ್ತು. ರೊಟ್ಟಿಯ ವಾಸನೆಗೆ ಬರುತ್ತದೆ ಎಂದುಕೊಂಡಿದ್ದೆ.

ಕುರಿಯವರ ಮಾತು

ಮಾಗನೂರು ಕಡೆಯ ಮುದುಕರೊಬ್ಬರು ಕಂಬಳಿ ಹೊದ್ದು ಮಕ್ತಲ್‌ನಲ್ಲಿ ನನ್ನ ಬಸ್ಸು ಹತ್ತುತ್ತಿದ್ದರು. ಮೈಲಾರಪ್ಪ ದೇವರ ಒಕ್ಕಲು. ಹುಟ್ಟಿದಾಗಿನಿಂದ ಕುರಿ, ನಾಯಿಗಳ ನಡುವೆ ಬೆಳೆದವರು. ಇವರಿಗಿಂತ ತಿಳಿದವರು ಯಾರು ಎಂದು ಕೇಳಿಯೇಬಿಟ್ಟೆ.

"ಯಜಮಾನ್ರ, ನಾಯಿಗೆ ನೀವು ಏನು ಹೆಸರು ಇಡ್ತೀರಿ?"

"ಹೆಸರು ಯಾಕ್ರಿ? ನಮ್ಮ ನಾಯಿ ಕುರಿ ಬಿಟ್ಟು ಎಲ್ಲೂ ಹೋಗಂಗಿಲ್ಲ. ಬಿಟ್ಟು ಹೋಗೋ ನಾಯಿಗೆ ಹೆಸರು ಬೇಕು, ಕರಿಯಾಕ."

"ಮತ್ತ ಒಮ್ಮೆ ಹೋಗೇಬಿಟ್ರ?"

"ಹೋದ ಮ್ಯಾಲೆ ಅದೇನು ನಮ್ಮ ನಾಯಿ ಏನ್ರಿ?" ಎಂದು ಕಂಬಳಿ ಮುಖದ ಮೇಲೆಳೆದು ಮಲಗಿಬಿಟ್ಟರು.

ಅವತ್ತು ಮನೆಗೆ ಬಂದವನೇ ಮೊದಲು ನಾಯಿ ಇದೆಯೋ ಇಲ್ಲವೋ ಎಂದು ನೋಡಿದೆ.

ಗದ್ವಾಲ

ಹೀಗೇ ಮೂರು ವರ್ಷ ಕಳೆಯಿತು. ಬಸ್ಸುಗಳ ನಂಬರು ಬದಲಾಯಿತು, ಗದ್ವಾಲ ಜಿಲ್ಲೆಯಾಯಿತು, ಕಚೇರಿಗಳ ಬೋರ್ಡಿಗೆಲ್ಲ ಹೊಸ ಬಣ್ಣ ಬಂತು. ನಮ್ಮ ನಾಯಿ ಮಾತ್ರ ಹಾಗೇ ಉಳಿಯಿತು.

ಆಗ ಹೆಂಡತಿ ತನ್ನ ಅಣ್ಣನ ಮಗಳ ಮದುವೆಗೆಂದು ಮುಂಚೆಯೇ ಗದ್ವಾಲಕ್ಕೆ ಹೋದಳು. ಆಕೆ ಹೋದದ್ದೇ ತಡ, ನಾಯಿ ಊಟ ಬಿಟ್ಟಿತು. ಅವ್ವ ಹಾಲು ಇಟ್ಟಳು, ಮುಟ್ಟಲಿಲ್ಲ. ನಾನು ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟೆ, ಮೂಸಿ ನೋಡಿ ಮುಖ ತಿರುಗಿಸಿತು. ಎರಡು ದಿನಕ್ಕೆ ಅದರ ಪಕ್ಕೆಲುಬುಗಳು ಕಾಣತೊಡಗಿದವು. ನನಗೆ ಭಯವಾಯಿತು. ಬುಟ್ಟಿಯಲ್ಲಿ ಕೂಡಿಸಿ ಬಸ್ಸಿನಲ್ಲೇ ಕರೆದುಕೊಂಡು ಹೊರಟೆ.

ಗದ್ವಾಲ ಸ್ಟ್ಯಾಂಡಿನಲ್ಲಿ ಯಾರೋ ಟ್ರಂಕು ಧೊಪ್ಪನೆ ಕೆಳಗೆ ಹಾಕಿದರು. ನಾಯಿ ಬುಟ್ಟಿಯಿಂದ ಹಾರಿ ಜನರ ಕಾಲುಗಳ ನಡುವೆ ಮಾಯವಾಯಿತು.

ರಾಜಾ ಎಂದೆ, ಕರಿಯಾ ಎಂದೆ, ಮೋತಿ, ಟಾಮಿ, ಕಡೆಗೆ ಎರಡೂ ರಾಜ್ಯಗಳ ಹೆಸರನ್ನೂ ಕೂಗಿದೆ. ಬರಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತೆ. ಖಾಕಿ ಬಟ್ಟೆಯಲ್ಲಿ ಕಣ್ಣೀರು ಹಾಕುವ ಕಂಡಕ್ಟರನನ್ನು ಜನ ನಿಂತು ನೋಡುತ್ತಿದ್ದರು.

ಬಸ್ಸುಗಳ ಹೊತ್ತು ಸಾರುವ ಕಂಟ್ರೋಲರಿಗೆ ಕರುಣೆ ಬಂತು. ಮೈಕಿನಲ್ಲಿ ಕೂಗಿಸೋಣ ಎಂದು ತೆಲುಗಿನಲ್ಲಿ ಕೇಳಿದ, "ಕುಕ್ಕ ಪೇರೇಂದನ್ನಾ?"

ನಾಯಿಯ ಹೆಸರೇನು! ಇದ್ದಿದ್ದರೆ ಇಷ್ಟು ಹೊತ್ತು ಅಳುತ್ತಿದ್ದೆನೇ? ಹೆಂಡತಿ ಇದ್ದಿದ್ದರೆ ಹೇಗೆ ಕರೆಯುತ್ತಿದ್ದಳು ಎಂದು ನೆನಪು ಮಾಡಿಕೊಂಡೆ. ಟಾಮಿ ಎಂದ ಆ ಒಂದು ಸಲ ಬಿಟ್ಟರೆ ಆಕೆ ಅದನ್ನು ಯಾವತ್ತೂ ಕರೆದೇ ಇರಲಿಲ್ಲ, ಕರೆಯುತ್ತಿದ್ದದ್ದು ನನ್ನನ್ನು. ಆದರೆ ದಿನಾ ಓಡಿ ಬಂದು ಕೂಡುತ್ತಿದ್ದವರು ಯಾರು? ಆ ಕರೆ ಕೇಳದೆ ಎರಡು ದಿನ ಉಪವಾಸ ಬಿದ್ದವರು ಯಾರು?

ಮಾನ ಮರ್ಯಾದೆ ಪಕ್ಕಕ್ಕಿಟ್ಟು ಮೈಕು ಇಸಕೊಂಡೆ. ಆದಷ್ಟು ಹೆಣ್ಣು ದನಿ ಮಾಡಿ, ಆಕೆಯ ರಾಗದಲ್ಲೇ, ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕರೆದೆ: "ಏನ್ರೀ, ಬರ್ರೀ, ರೊಟ್ಟಿ ಆರತಾವು..."

ರಾಯಚೂರು ಬಸ್ಸಿಗೆ ಕಾಯುತ್ತಿದ್ದ ಗಂಡಸರೆಲ್ಲ ಒಮ್ಮೆಲೇ ತಿರುಗಿದರು. ಹಿರಿಯರೊಬ್ಬರು ಟವೆಲ್ ಕೊಡವಿ ಎದ್ದೇಬಿಟ್ಟು, ಮೈಕಿನ ತನಕ ಬಂದು, "ಎಲ್ಲ್ಯದಾಳ್ರೀ ನಮ್ಮಾಕಿ?" ಎಂದರು. ಅವರ ಕಾಲಿನ ಸಂದಿಯಿಂದ ನುಸುಳಿ ನಮ್ಮ ನಾಯಿ ಬಂದು, ಎಂದಿನಂತೆ ನನ್ನ ಪಕ್ಕದಲ್ಲಿ ಕೂತು, ರೊಟ್ಟಿಗಾಗಿ ಮುಖ ನೋಡಿತು.

ಮದುವೆ ಮನೆಯಲ್ಲಿ ಎಲ್ಲ ಕಥೆ ಹೇಳಿದೆ. ಹೆಂಡತಿ ನಾಯಿಯನ್ನು ಎತ್ತಿಕೊಂಡು ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ನೋಡಿ ಚಿಂತೆಯಿಂದಲೇ ಕೇಳಿದಳು:

"ಅದರ ಹೆಸರು ಅದಕ್ಕ ಇರಲಿ. ಇನ್ನ ಮ್ಯಾಲೆ ನಿಮ್ಮನ್ನ ಏನಂತ ಕರೀಲಿ?"

ಮನೆಯಲ್ಲಿ ಈಗ ನನಗೆ ಹೆಸರು ಹುಡುಕುತ್ತಿದ್ದಾರೆ.