ಸರ್ಕಾರ ಕಟ್ಟಿಸಿಕೊಟ್ಟ ಹಲ್ಲು

ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಂದರೆ ಹಬ್ಬ ಮಾಡುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರು ನನ್ನ ಸೋದರಮಾವ! ಹನಗೋಡಿನ ಕಡೆ ಒಂದು ಸಹಕಾರ ಸಂಘದಲ್ಲಿ ಗುಮಾಸ್ತರು. ವೈದ್ಯರ ಖರ್ಚಿಗೆ ಬಿಲ್ ತೋರಿಸಿದರೆ ಆದಾಯ ತೆರಿಗೆಯಲ್ಲಿ ಅಷ್ಟೂ ಕಳೆದುಹೋಗುತ್ತದೆ, ಅಂದರೆ ಕಾಯಿಲೆ ನಮ್ಮದು, ದುಡ್ಡು ಸರ್ಕಾರದ್ದು ಎಂಬುದು ಅವರ ಸಿದ್ಧಾಂತ. ತೊಂಬತ್ತರ ದಶಕದಲ್ಲಿ ನಮ್ಮ ಜಗುಲಿಗಳಲ್ಲಿ ಹೊಗೆಸೊಪ್ಪಿನ ರೇಟು, ಕಾಡಾನೆ ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಅಂಥ ಕಡೆ ಕೂತು ಇನ್‌ಕಂ ಟ್ಯಾಕ್ಸ್ ಪಾಠ ಹೇಳುವವರನ್ನು ಏನೆನ್ನಬೇಕು?

ಒಮ್ಮೆ ರಜೆಗೆ ಅವರ ಮನೆಗೆ ಹೋದಾಗ ನನಗೆ ಜ್ವರ ಬಂತು. ಮಾವ ಹಣೆ ಮುಟ್ಟಿ ನೋಡಿ, ಅಡುಗೆಮನೆಯಲ್ಲಿದ್ದ ಅಜ್ಜಿಗೆ ಕೇಳುವಂತೆ ಕೂಗಿದರು: “ಅವ್ವಾ, ಕೆಂಡದಂಗೆ ಸುಡ್ತಾ ಅದೆ ಕಣವ್ವ! ಈ ಸಲ ಒಳ್ಳೆ ಬಿಲ್ಲಾಯ್ತದೆ!”

ನಾನು ದಂಗಾದೆ. ಸ್ವಂತ ಮಾವ! ಹುಣಸೂರಿನ ಡಾಕ್ಟರೂ ದಂಗಾದರು. ಮಾತ್ರೆಯನ್ನು ಹಳೇ ಪೇಪರಿನಲ್ಲಿ ಕಟ್ಟಿಕೊಡುತ್ತಿದ್ದ ಅವರನ್ನು ಅದುವರೆಗೆ ಯಾರೂ ಬಿಲ್ ಕೇಳಿರಲಿಲ್ಲವಂತೆ.

ಇದು ಏನೂ ಅಲ್ಲ ಬಿಡಿ. ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಅಜ್ಜಿಯ ಕೈಮೂಳೆ ಸರಿದಾಗ ವೀರನಹೊಸಹಳ್ಳಿಯ ನಾಟಿ ವೈದ್ಯರ ಬಳಿ ಹೋದೆವು. ಅವರು ದುಡ್ಡು ಮುಟ್ಟುವವರಲ್ಲ. ಮುಟ್ಟಿದರೆ ಔಷಧದ ಗುಣ ಹೋಗುತ್ತದೆಂಬ ನಂಬಿಕೆ. ಎಲೆ ಅಡಿಕೆ, ಒಂದು ತೆಂಗಿನಕಾಯಿ ಕೊಟ್ಟರೆ ಮುಗಿಯಿತು. ಕಟ್ಟು ಕಟ್ಟಿದ್ದೇ ತಡ, ಮಾವ ಕೈಚಾಚಿದರು: “ಕಾಯಿಗೊಂದು ಬಿಲ್ ಕೊಡಿ.”

“ಬಿಲ್ಲಾ? ಬಿಲ್ ಬರ್ದ್ರೆ ಮೂಳೆ ಕೂಡಾಕಿಲ್ಲ ಸಾಮಿ!”

“ಅಂಗಾರೆ ಬ್ಯಾಡ ಬುಡಿ, ಕಾಯಿ ಅಂಗ್ಡೀಲೇ ಬರುಸ್ಕತೀನಿ,” ಎಂದು ಮಾವ ಅಜ್ಜಿಯ ಮುಖ ನೋಡಿದರು. ಅಜ್ಜಿ ಸಮಾಧಾನದಿಂದ ತಲೆಯಾಡಿಸಿದಳು.

ತಾತನ ಕಾಯಿಲೆಗೆಂದು ಜೋಡಿ ಎತ್ತು ಮಾರಿದ ದಿನದಿಂದ, ತನ್ನ ಮೈಗೆ ಮಗನ ಒಂದು ಕಾಸೂ ಖರ್ಚಾಗಕೂಡದೆಂದು ಹಟ ಹಿಡಿದ ಹೆಂಗಸು ಆಕೆ. ಆ ಅಜ್ಜಿಯ ದವಡೆ ಊದಿಕೊಂಡಿತು. ಹಲ್ಲುಗಳೆಲ್ಲ ಹುಳುಕಾಗಿ ಕೀವು ತುಂಬಿತ್ತು. ಮುದ್ದೆಯ ತುತ್ತೂ ಒಳಗಿಳಿಯದೆ ದಿನೇ ದಿನೇ ಸೊರಗಿದಳು. ಎಲ್ಲವನ್ನೂ ಕೀಳಿಸಿ ಬೇರೆ ಹಲ್ಲು ಕಟ್ಟಿಸದಿದ್ದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು.

“ಮುದ್ದೆ ನುಂಗಾಕೆ ಅಲ್ಲು ಯಾಕ್ಲಾ? ಸಾಯೋ ಮುದ್ಕಿ ಬಾಯ್ಗೆ ದುಡ್ ಸುರೀತೀಯಾ?”

“ನನ್ ದುಡ್ಡಲ್ಲ ಕಣವ್ವಾ! ಮಾರ್ಚ್ ಒಳ್ಗೆ ಕೀಳುಸ್ಬುಟ್ರೆ ಅಷ್ಟೂ ಸರ್ಕಾರದ್ದು! ಏಪ್ರಿಲ್ ಬಂದ್ರೆ ಓಯ್ತು!”

ಹೆತ್ತ ತಾಯಿಯ ಬಾಯಿಗೂ ಮಾರ್ಚಿನ ಗಡುವು! ನನಗೆ ಅಸಹ್ಯವೇ ಆಯಿತು. ಅಜ್ಜಿ ಮಾತ್ರ ಗೊಣಗುತ್ತಾ ಬಸ್ ಹತ್ತಿದಳು. ಕೀಳಿಸುವುದು ಈ ವರ್ಷದ ಲೆಕ್ಕಕ್ಕೆ, ಕಟ್ಟಿಸುವುದು ಮುಂದಿನ ವರ್ಷದ ಲೆಕ್ಕಕ್ಕೆ ಎಂದು ಮಾವ ದಾರಿಯುದ್ದಕ್ಕೂ ಬೀಗಿದರು. ಮಳೆಗಾಲಕ್ಕೆ ಹೊಸ ಹಲ್ಲು ಬಂತು. “ಸರ್ಕಾರದ್ದು ಕಣ್ರವ್ವಾ,” ಎಂದು ಅಜ್ಜಿ ಕೇರಿಗೆಲ್ಲ ಬಾಯಿ ತೆರೆದು ತೋರಿಸಿದಳು.

ಮುಂದೆ ನಾನು ಮೈಸೂರಿನಲ್ಲಿ ಆಡಿಟರ್ ಒಬ್ಬರ ಬಳಿ ಕೆಲಸಕ್ಕೆ ಸೇರಿದೆ. ಊರಿಗೆ ಹೋದವನು ಜಗುಲಿಯಲ್ಲಿ ಕೂತು ಜಾಣತನ ತೋರಿಸಿದೆ: “ಮಾವ, ಅಲ್ಲು ಕಟ್ಸಿದ್ನೆಲ್ಲ ಟ್ಯಾಕ್ಸಲ್ಲಿ ಕಳ್ಯಕ್ಕೆ ಬರಲ್ಲ. ಯಾರ್ ಏಳಿದ್ದು ನಿಮ್ಗೆ?”

ಮಾವ ಗಾಬರಿಯಿಂದ ನನ್ನ ಬಾಯಿ ಮುಚ್ಚಿದರು. “ಮೆತ್ತಗ್ ಮಾತಾಡ್ಲಾ! ಟ್ಯಾಕ್ಸ್ ಕಟ್ಟೋವಷ್ಟು ಸಂಬ್ಳ ನಂಗೆ ಯಾವತ್ ಬಂದದೆ? ಅಂಗೆ ಏಳ್ದೆ ಇದ್ರೆ ಅವ್ವ ಬಸ್ ಅತ್ತಾಳಾ?”

ನನಗೆ ಸಿಡಿಲು ಬಡಿದಂತಾಯಿತು. ಇಷ್ಟು ವರ್ಷ ತೆರಿಗೆ ತೆರಿಗೆ ಎಂದು ಕೂಗಾಡಿದವರು ಒಂದು ಪೈಸೆ ತೆರಿಗೆ ಕಟ್ಟಿದವರೇ ಅಲ್ಲ!

ಮಾವ ಸಂಘಕ್ಕೆ ಹೊರಟ ಮೇಲೆ ಅಜ್ಜಿ ಒಳಗಿನಿಂದ ಕರೆದಳು. ಮಡಿಲಲ್ಲಿ ಹುರಿಗಾಳು ಇಟ್ಟುಕೊಂಡು ಕಟುಂ ಕಟುಂ ಎಂದು ಅಗಿಯುತ್ತಿದ್ದಳು. ನಮ್ಮ ಮಾತೆಲ್ಲ ಆಕೆಗೆ ಕೇಳಿಸಿತ್ತು.

“ಅಜ್ಜೀ, ಅದು... ಸರ್ಕಾರ...” ಎಂದು ತಡವರಿಸಿದೆ.

“ಸುಮ್ಕಿರ್ಲಾ. ಆ ಸರ್ಕಾರ ನನ್ ಒಟ್ಟೇಲೇ ಉಟ್ಟಿದ್ದು ಅಂತ ನಂಗೊತ್ತಿಲ್ವಾ? ನಾನ್ ಬ್ಯಾಡ ಅಂದಾಗೆಲ್ಲ ಅವ್ನ್ ಮಖ ನೋಡಾಕಾಯ್ತಿರ್ಲಿಲ್ಲ, ಅದ್ಕೇ ನಂಬಿದೋಳಂಗಿದ್ದೆ. ಅವ್ನಿಗ್ ಮಾತ್ರ ಏಳ್ಬುಟ್ಟೀಯ!”

ಒಂದು ಹಿಡಿ ಹುರಿಗಾಳನ್ನು ನನ್ನ ಕೈಗೂ ಹಾಕಿದಳು. ನನ್ನ ಹಲ್ಲುಗಳೆಲ್ಲ ಗಟ್ಟಿಯಾಗಿಯೇ ಇದ್ದವು. ಆದರೂ ಒಂದು ಕಾಳನ್ನೂ ಅಗಿಯಲಾಗಲಿಲ್ಲ.