ಅತ್ತೆಯ ನೋವಿಗೊಂದು ವಿಶೇಷಣ

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾರಿಗಾದರೂ ಕಷ್ಟ ಬಂದಿದೆಯೆಂದು ಕೇಳಿದರೆ ನನಗೆ ಮೊದಲು ಮರುಕ ಹುಟ್ಟುವುದಿಲ್ಲ. ಈ ಕಷ್ಟಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ವಿಶೇಷಣ ಯಾವುದು ಎಂಬ ಯೋಚನೆ ಹುಟ್ಟುತ್ತದೆ. ಪದ ಸಿಕ್ಕ ಮೇಲೆ ಮರುಕ ಹೇಗೋ ಬಂದು ಸೇರಿಕೊಳ್ಳುತ್ತದೆ. ಕುರುಗೋಡಿನ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಇಂಗ್ಲಿಷ್ ಮೇಷ್ಟ್ರಾಗಿರುವವನಿಗೆ ಅಂಟಿದ ಚಟ ಇದು. ಆ ಭಾಷೆಯಲ್ಲಿ ಸಂತೋಷವನ್ನು ‘ಹ್ಯಾಪಿ’ ಎಂದು ಮುಗಿಸಿಬಿಡಬಹುದು. ಸಂಕಟಕ್ಕೆ ನೋಡಿ, ಎಷ್ಟು ಸಿರಿವಂತಿಕೆ! ಮಿಸರಬಲ್, ಪಿಟಿಯಬಲ್, ಅಗೊನೈಸಿಂಗ್, ಎಕ್ಸ್‌ಕ್ರೂಸಿಯೇಟಿಂಗ್. ಕೊನೆಯದನ್ನು ಉಚ್ಚರಿಸುವುದೇ ಒಂದು ಯಾತನೆ.

ಈ ಸಿರಿಯನ್ನು ಮಕ್ಕಳಿಗೂ ಹಂಚಲು ಹೋಗಿ ಒಮ್ಮೆ ಸಿಕ್ಕಿಬಿದ್ದೆ. ರಜಾ ಅರ್ಜಿಯಲ್ಲಿ ಬರೀ ಜ್ವರ ಎಂದು ಬರೆಯಬೇಡಿ, ಜೊತೆಗೊಂದು ವಿಶೇಷಣ ಇರಲಿ ಎಂದು ಹೇಳಿದ್ದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ‘ನನ್ನ ಅಕ್ಕನ ಲಾಮೆಂಟಬಲ್ ಮದುವೆ’ಗೆ ಎರಡು ದಿನ ರಜೆ ಕೇಳಿದಳು. ಅಂದರೆ ಶೋಚನೀಯ ಮದುವೆ. ಹೆಡ್‌ಮಾಸ್ತರರು ನನ್ನನ್ನು ಕರೆಸಿ, “ಮದುವಿ ಆದಮ್ಯಾಲೆ ಗೊತ್ತಾಗೋ ಮಾತು ಮೊದಲ ಯಾಕ ಬರಸ್ತೀರಿ ಮೇಷ್ಟ್ರೇ?” ಎಂದರು.

ಇಂಥ ನನಗೆ ಹೋದ ವರ್ಷ ಸುವರ್ಣಾವಕಾಶವೊಂದು ಒದಗಿತು. ಸಿರಿಗೇರಿಯಲ್ಲಿ ನನ್ನ ಸೋದರತ್ತೆ ಹಂಪಮ್ಮ ಇದ್ದಾಳೆ. ಬದುಕೆಲ್ಲ ಭತ್ತದ ಗದ್ದೆಯಲ್ಲಿ ಬಗ್ಗಿ ದುಡಿದವಳು, ತಲೆನೋವೆಂದೂ ಮಲಗಿದವಳಲ್ಲ. ಅವಳಿಗೆ ಹದಿನೈದು ದಿನದಿಂದ ನೋವು. ಸಿರುಗುಪ್ಪದಲ್ಲಿ ಕೊಟ್ಟ ಗುಳಿಗೆಗೆ ಅದು ಬಗ್ಗಲಿಲ್ಲ. ಅವಳ ಮಗ ಫೋನು ಮಾಡಿ, “ಅಣ್ಣಾ, ಬಳ್ಳಾರಿಗೆ ತೋರಿಸಬೇಕು. ಅಲ್ಲಿ ಡಾಕ್ಟರಮ್ಮಗ ಕನ್ನಡ ಬರಂಗಿಲ್ಲಂತ. ಇಂಗ್ಲೀಷಿನಾಗ ಹೇಳಾಕ ನೀನ ಬೇಕು” ಎಂದ. ಅತ್ತೆಗೆ ನೋವೆಂದು ಕೇಳಿ ಇಷ್ಟು ಹುರುಪು ಬರಬಾರದಿತ್ತು. ಬಂತು. ಅಂಗಿಗೆ ಇಸ್ತ್ರಿ ಮಾಡಿಕೊಂಡೆ.

ಮರುದಿನ ಸಿರಿಗೇರಿಯಿಂದ ಬಂದ ಬಸ್ಸನ್ನು ಕುರುಗೋಡಿನಲ್ಲಿ ಹತ್ತಿ ಅತ್ತೆಯ ಪಕ್ಕ ಕೂತೆ. “ಅತ್ತಿ, ನೋವು ಎಂಥದು?” ಎಂದೆ.

“ಎಂಥದು ಅಂದ್ರ? ಉಂಡ ಮ್ಯಾಲೆ ಬರತೈತಿ. ಬಲಪಕ್ಕಿಯಾಗ ಹಿಂಡಿ ಹಿಂಡಿ ಜೀವ ತಗೀತೈತಿ. ಆಮ್ಯಾಲೆ ಬಿಡತೈತಿ, ಮತ್ತ ಬರತೈತಿ.”

ಉಂಡ ಮೇಲೆ, ಬಲಪಕ್ಕೆ ಎಂಬುದೆಲ್ಲ ನನ್ನ ಕಿವಿಗೆ ಬೀಳಲೇ ಇಲ್ಲ. ‘ಹಿಂಡು’ ಒಂದೇ ಹಿಡಿದುಕೊಂಡೆ. ಬಟ್ಟೆ ಹಿಂಡುವುದಕ್ಕೆ ಇಂಗ್ಲಿಷಿನಲ್ಲಿ ಪದವಿದೆ, ಆದರೆ ಅತ್ತೆ ಬಟ್ಟೆಯಲ್ಲ. ನಿಂಬೆಹಣ್ಣೂ ಅಲ್ಲ. ಹೃದಯ ಹಿಂಡುವುದಕ್ಕೆ? ಬಸ್ಸು ಬಳ್ಳಾರಿ ಸೇರುವ ಹೊತ್ತಿಗೆ ಹೊಳೆಯಿತು: ಹಾರ್ಟ್-ರೆಂಡಿಂಗ್!

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತು, “ಡಾಕ್ಟರ್, ಮೈ ಆಂಟ್ ಹ್ಯಾಸ್ ಎ ಹಾರ್ಟ್-ರೆಂಡಿಂಗ್ ಪೇನ್!” ಎಂದೆ.

“ಹಾರ್ಟ್?” ಎಂದು ಅವಳು ನೆಟ್ಟಗಾದಳು. ಯಾವಾಗಿನಿಂದ, ಎಷ್ಟು ಹೊತ್ತು ಎಂದು ಒಂದೇ ಉಸಿರಿಗೆ ಕೇಳಿದಳು. ನಾನು ಅದಕ್ಕೆ “ಎಕ್ಸ್‌ಕ್ರೂಸಿಯೇಟಿಂಗ್” ಎಂದು ಉತ್ತರ ಕೊಟ್ಟೆ. ಅಷ್ಟೇ. ಗಾಲಿಕುರ್ಚಿ ಬಂತು, ನರ್ಸು ಓಡಿ ಬಂದಳು. ಅತ್ತೆಯನ್ನು ಮಲಗಿಸಿ ಎದೆಗೆ ವೈರು ಹಚ್ಚಿದರು.

“ಲೇ ಈರಣ್ಣ, ಏನು ಹೇಳಿದ್ಯೋ ಆಕಿಗೆ? ನಾನು ಸಾಯ್ತೀನೇನಲೇ?” ಎಂದು ಅತ್ತೆ ನನ್ನ ಕೈ ಹಿಡಿದಳು. ಆ ಕೈ ತಣ್ಣಗಿತ್ತು. ಆಗ ಮೊದಲ ಸಲ ನನಗೆ ಯಾವ ವಿಶೇಷಣವೂ ನೆನಪಾಗಲಿಲ್ಲ. ಬರೀ ಹೆದರಿಕೆಯಾಯಿತು.

ಇಸಿಜಿಯಲ್ಲಿ ಏನೂ ಸಿಗಲಿಲ್ಲ. ಡಾಕ್ಟರು ಕಾಗದ ನೋಡುತ್ತ ಹುಬ್ಬು ಗಂಟಿಕ್ಕಿಕೊಂಡಿದ್ದಾಗ ಅವಳ ಫೋನು ಬಡಿದುಕೊಂಡಿತು. “ತಿನ್ನಾನಮ್ಮಾ, ತಿನ್ನಾನು” ಎಂದಳು ಮೆಲ್ಲಗೆ. ಊಟ ಮಾಡಿದೆಯಾ ಎಂದು ಅವಳ ತಾಯಿ ಕೇಳಿರಬೇಕು.

ಅತ್ತೆ ಮಲಗಿದ್ದಲ್ಲಿಂದಲೇ ತಲೆ ಎತ್ತಿದಳು. “ನುವ್ವು ತೆಲುಗು ಅಮ್ಮಾಯಿವಾ?”

ಗಡಿಯಾಚೆಯಿಂದ ನಾಟಿಗೆ ಬರುವ ಹೆಂಗಸರ ಜೊತೆ ನಲವತ್ತು ವರ್ಷ ಗದ್ದೆಯಲ್ಲಿ ನಿಂತವಳು ಅತ್ತೆ. ಅವಳ ತೆಲುಗು ಕಾಲುವೆಯ ನೀರಿನಂತೆ ಹರಿಯಿತು. ಡಾಕ್ಟರು ಹಾಸಿಗೆಯ ಮೇಲೇ ಕೂತು ಕೇಳಿದಳು, ಅಲ್ಲಲ್ಲಿ ಒತ್ತಿದಳು. ಬಲಪಕ್ಕೆ ಒತ್ತಿದಾಗ ಅತ್ತೆ “ಅಯ್ಯೋ” ಎಂದಳು. ಅದು ಎರಡೂ ಭಾಷೆಗೆ ಸೇರಿದ್ದು. ಐದು ನಿಮಿಷಕ್ಕೆ ಸ್ಕ್ಯಾನಿಂಗಿಗೆ ಚೀಟಿ ಬರೆದಾಯಿತು. ಪಿತ್ತಕೋಶದಲ್ಲಿ ಕಲ್ಲು.

ತೆಲುಗು ನನಗೂ ಬರುತ್ತದೆ. ಬಳ್ಳಾರಿ ಸೀಮೆಯವನಿಗೆ ಬಾರದೆ ಏನು? “ನೀವು ಮೊದಲೇ ತೆಲುಗಿನಲ್ಲಿ ಕೇಳಬಹುದಿತ್ತಲ್ಲ” ಎಂದು ಡಾಕ್ಟರ ಮೇಲೇ ತಪ್ಪು ಹೊರಿಸಲು ನೋಡಿದೆ. “ನೀವು ನನಗೆ ಬಾಯಿ ತೆರೆಯಲು ಎಲ್ಲಿ ಬಿಟ್ಟಿರಿ ಸಾರ್?” ಎಂದು ಅವಳು ನಕ್ಕಳು. ಉಂಡ ಮೇಲೆ ಬರುತ್ತದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತಂತೆ.

ಆ ವಾರವೇ ಆಪರೇಷನ್ ಆಯಿತು. ಮೂರನೆಯ ದಿನ ಅತ್ತೆ ಎದ್ದು ಕೂತು, ಇಲ್ಲಿಯ ಗಂಜಿಗೆ ಉಪ್ಪಿಲ್ಲವೆಂದು ನರ್ಸಿನ ಜೊತೆ ಜಗಳ ತೆಗೆದಳು. ನಮಗೆಲ್ಲ ಧೈರ್ಯ ಬಂತು. ಮನೆಗೆ ಕಳಿಸುವ ಕಾಗದ ಕೈಗೆ ಬಂದಾಗ ನಾನು ಹಳೆಯ ಚಟದಿಂದ ಓದತೊಡಗಿದೆ. ನೋವಿನ ಮುಂದೆ ಡಾಕ್ಟರು ಒಂದು ವಿಶೇಷಣ ಬರೆದಿದ್ದಳು: ‘ಕಾಲಿಕಿ’. ನಾನು ಕೇಳಿಯೇ ಇರದ ಪದ! ಸ್ಪೆಲ್ಲಿಂಗ್ ತಪ್ಪಿರಬೇಕೆಂದು ಕೆಂಪು ಪೆನ್ನಿಗೆ ಜೇಬು ತಡಕಿದೆ. ಕೊನೆಗೆ ಮೊಬೈಲಿನಲ್ಲಿ ನಿಘಂಟು ತೆರೆದರೆ, ಬಂದು ಹಿಂಡಿ, ಬಿಟ್ಟು, ಮತ್ತೆ ಬರುವ ನೋವು ಎಂದಿತ್ತು.

ವಾರ್ಡೆಂಬುದನ್ನೂ ಮರೆತು, “ಅತ್ತಿ! ಸಿಕ್ಕತು! ನಿನ್ನ ನೋವಿಗೆ ಸರಿಯಾದ ಪದ ಸಿಕ್ಕತು!” ಎಂದು ಕೂಗಿದೆ. ಪಕ್ಕದ ಹಾಸಿಗೆಯವರು ಎದ್ದು ಕೂತರು.

ಅತ್ತೆ ಚೀಲಕ್ಕೆ ಸೀರೆ ತುಂಬುತ್ತಿದ್ದವಳು ತಿರುಗಿ ನೋಡಿದಳು. “ಸಾಲಿಯಾಗ ಊರ ಮಕ್ಕಳಿಗೆಲ್ಲ ಇಂಗ್ಲೀಷ್ ಕಲಸ್ತಿ. ನೀ ಒಂದು ಪದ ಕಲಿಯಾಕ ನಾನು ಹೊಟ್ಟಿ ಕೊಯ್ಸಿಗೊಬೇಕಾತೇನಲೇ?”

ಮೊಬೈಲನ್ನು ಜೇಬಿಗಿಳಿಸಿದೆ. ಅವಳ ಚೀಲ ಎತ್ತಿಕೊಂಡೆ.